ಕನಾತು

ಅಳಿಯ ಎಂಜಿನಿಯರು, ಪ್ಲಾನು ಅವರದೇ.
"ಡಬಲ್ ಹೈಟು ಅತ್ತೆ, ಗಾಳಿ ಚೆನ್ನಾಗಿ ಆಡುತ್ತೆ" ಅಂದರು.
ಗಾಳಿ ಆಡಿತು. ಜೊತೆಗೆ
ನಾವು ಕೆಮ್ಮಿದ್ದು, ಒಗ್ಗರಣೆ ಸಿಡಿದದ್ದು,
ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತ ಗೂಡ್ಸಿನ ನಿಟ್ಟುಸಿರು,
ಎಲ್ಲವೂ ಹೋಗಿ ಬಡಿದು ವಾಪಸು ಬರುತ್ತಿದ್ದವು
ಹದಿನೆಂಟು ಅಡಿಯ ಬೋಳು ಗೋಡೆಗೆ.

ಗೃಹಪ್ರವೇಶಕ್ಕೆ ಬಂದವರೆಲ್ಲ ಅದರ ಮುಂದೆ ನಿಂತು
ಒಂದೊಂದು ಬುದ್ಧಿ ಹೇಳಿ ಹೋದರು.
ಓಡುವ ಏಳು ಕುದುರೆ ಹಾಕಿ, ಮುಖ ಪೂರ್ವಕ್ಕಿರಲಿ, ಎಂದಳು ತಿಪಟೂರಿನ ನಾದಿನಿ.
ದೊಡ್ಡ ಟೀವಿ, ಎಂದ ಮೊಮ್ಮಗ.
ಬಿ.ಎಚ್. ರಸ್ತೆಯ ಅಂಗಡಿಯವ ಸ್ಯಾಂಪಲ್ಲನ್ನೇ ತಂದ:
ಇಟ್ಟಿಗೆಯ ಚಿತ್ರವಿರುವ ಕಾಗದ.
ಇಟ್ಟಿಗೆ ಕಟ್ಟಿ, ಗಾರೆ ಬಳಿದು, ಪುಟ್ಟಿ ತೀಡಿ, ಬಣ್ಣ ಹೊಡೆದು
ಅದರ ಮೇಲೆ ಇಟ್ಟಿಗೆ ಅಂಟಿಸುವುದಂತೆ!
ನಕ್ಕುಬಿಟ್ಟೆ. ಪಾಪ, ಬೇಜಾರಾಯಿತು ಅವನಿಗೆ,
ಕಾಫಿ ಕೊಟ್ಟು ಕಳಿಸಿದೆ.

ಆಮೇಲೊಂದು ಮಂಗಳವಾರ ಮಧ್ಯಾಹ್ನ
ಮೆಟ್ಟಿಲ ಕೆಳಗಿನ ಕಬ್ಬಿಣದ ಪೆಟ್ಟಿಗೆ ತೆಗೆದೆ.

ಇವರ ಶಾಮಿಯಾನದ ಅಂಗಡಿ ಮಾರಿದಾಗ
ಕಂಬ, ಕುರ್ಚಿ, ಕೊಳದಪ್ಪಲೆ, ಹಗ್ಗದ ಸಿಂಬಿಯನ್ನೂ ಬಿಡದೆ
ಲೆಕ್ಕ ಹಾಕಿ ಕೊಂಡವನು
ಈ ಒಂದು ಕನಾತನ್ನು ಮಾತ್ರ ಕಾಲಲ್ಲಿ ಸರಿಸಿ
"ಇದು ಬರೀ ತೇಪೆ ಅಮ್ಮ, ಗಾಡಿ ಒರೆಸೋಕಾದೀತು" ಅಂದಿದ್ದ.

ತೇಪೆಯೆಲ್ಲ ನನ್ನವೇ.

ಹೊಸ ಟೈಲ್ಸಿನ ಮೇಲೆ ಹರಡಿಕೊಂಡು ಕೂತೆ.
ಕೆಂಪು ಅಂಕಣ, ಹಳದಿ ಅಂಕಣ, ಮತ್ತೆ ಕೆಂಪು,
ನಡುನಡುವೆ ಕತ್ತರಿಸಿ ಕೂರಿಸಿದ ಬಿಳಿ ಮಾವಿನಕಾಯಿ.
ಇಲ್ಲಿ ಬಾಣಾವರದ ಮದುವೆಯ ಸಾರು,
ಒಗೆದು ಒಗೆದು ಯಾವುದೋ ದೇಶದ ನಕಾಶೆಯಾಗಿದೆ.
ಇಲ್ಲಿ ಪಂಚಾಯ್ತಿ ಎಲೆಕ್ಷನ್ ಗೆದ್ದವರ ಪಟಾಕಿ:
ನಾಲ್ಕು ತೂತು, ನಾಲ್ಕಕ್ಕೂ
ನನ್ನ ಬಾಣಂತನದ ನೀಲಿ ರವಿಕೆಯ ತುಂಡು.
ಇದು ಕರು ತಿಂದದ್ದು.
ಇದು ಯಾರೋ ಹುಡುಗಿ ಬೆರಳಲ್ಲಿ ಕೊರೆದ ಇಣುಕುಗಿಂಡಿ,
ಮದುಮಗನನ್ನು ನೋಡಲೋ, ನೋಡಿ ಓಡಲೋ.
ಅದೊಂದನ್ನು ಹೊಲಿಯದೆ ಬಿಟ್ಟಿದ್ದೆ.

ತಿರುಗಿಸಿದರೆ ಹಿಂದುಗಡೆ ಬರೀ ಕೋರಾ ಬಟ್ಟೆ.
ಸಾವಿನ ಮನೆಗೆ ಇವರು ಇದನ್ನೇ
ಒಳಗೆ ಕೂತವರಿಗೆ ಬಣ್ಣ ಕಾಣದ ಹಾಗೆ ಕಟ್ಟುತ್ತಿದ್ದರು.
ಅದೇ ಬಟ್ಟೆ, ಅದೇ ಗೂಟ. ಬಾಡಿಗೆ ಮಾತ್ರ ಅರ್ಧ.

ಸಂಜೆ ಬಂದವರು ಬಾಗಿಲಲ್ಲೇ ನಿಂತರು.
"ಬಾಡಿಗೆ ಸಾಮಾನು ಮನೆಯೊಳಗೆ ಬರಬಾರದು, ರುಕ್ಮಾ."
ಮೂವತ್ತೊಂದು ವರ್ಷದ ಕಾಯಿದೆ ಅದು.
ಸ್ವಂತ ಮಗಳ ಮದುವೆಗೇ
ಕಡೂರಿನಿಂದ, ತಮ್ಮ ಎದುರಾಳಿ ತುಕೋಜಿಯ ಹತ್ತಿರ,
ದುಡ್ಡು ಕೊಟ್ಟು ಚಪ್ಪರ ತಂದ ಮನುಷ್ಯ.
ನಾನು ಸೂಜಿಯ ಕಣ್ಣಿಗೆ ನೂಲು ಹಿಡಿದು ಕೂತೇ ಇದ್ದೆ.
ಊರಿನ ಬಯಲಿಗೆಲ್ಲ ಗೋಡೆಯಾಗಿ ನಿಂತದ್ದಕ್ಕೆ
ಒಂದು ಗೋಡೆಯ ಆಸರೆ ಬೇಡವೇ?
ಹಾಗೆಲ್ಲ ಹೇಳಲಿಲ್ಲ. ಹೇಳಿದ್ದು ಇಷ್ಟೇ:
"ಏಣಿ ಹಿತ್ತಿಲಲ್ಲಿದೆ."

ಮೂರು ದಿನ ಮಾತಿಲ್ಲ.
ನಾಲ್ಕನೆಯ ದಿನ, ಆರು ತೂತು ಕೊರೆಯಲು ಬಂದ ಡ್ರಿಲ್ ಹುಡುಗನಿಗೆ
"ಎರಡು ಕೊಕ್ಕೆ ಸಾಕು, ಬಟ್ಟೆಗೂ ಉಸಿರಾಟ ಬೇಕು" ಎಂದು ಗದರಿ,
ಪಂಚೆ ಎತ್ತಿ ಕಟ್ಟಿ,
ಅರವತ್ತೆಂಟರ ಮೊಣಕಾಲು ನಡುಗಿಸುತ್ತ ತಾವೇ ಹತ್ತಿದರು.
ಹಲ್ಲಲ್ಲಿ ಹಗ್ಗ ಕಚ್ಚಿ, ನನ್ನತ್ತ ನೋಡದೆ:
"ಎಡಕ್ಕೆ ಎಳಿ. ಇನ್ನೊಂದು ಗೇಣು. ಹ್ಞಾಂ, ಬಿಡು."
ಆ ದನಿ ಕೇಳಿ ಎಷ್ಟು ದಿನವಾಗಿತ್ತು!

ಬಣ್ಣದ ಬದಿ ಈಚೆಗಿತ್ತು. ನಾನು ನೋಡಿಕೊಂಡೆ.

ರಾತ್ರಿ ಗೂಡ್ಸು ಬಂತು, ನಿಂತಿತು.
ಅದರ ನಿಟ್ಟುಸಿರು ಒಳಬಂದು
ಬಟ್ಟೆಯಲ್ಲಿ ಇಂಗಿತು, ವಾಪಸು ಬರಲಿಲ್ಲ.
ಪಕ್ಕದಲ್ಲಿ ಮಲಗಿದ್ದವರು ಕೇಳಿದರು:
"ಬೆಳಿಗ್ಗೆ ಎಷ್ಟು ಗಂಟೆಗೆ ಬಿಚ್ಚಬೇಕು?"
ನಿದ್ದೆಗಣ್ಣೋ, ತಮಾಷೆಯೋ.
ಹೋಗಿ ದೀಪ ಹಾಕಿ ನೋಡಿದೆ:
ಕೊಕ್ಕೆಯಲ್ಲಿ ಅದೇ ಹಳೇ ಜಾರುಗಂಟು.
ಒಂದು ತುದಿ ಎಳೆದರೆ ಸಾಕು,
ಇಡೀ ಮದುವೆಮನೆ ಬಿಚ್ಚಿ ಮಡಿಕೆಯಾಗಿ
ಲಾರಿ ಹತ್ತುತ್ತಿದ್ದ ಗಂಟು.
ಆ ತುದಿ ನನ್ನ ಕೈಗೆ ಎಟುಕುವಷ್ಟು ಕೆಳಗೆ ತೂಗುತ್ತಿತ್ತು.

ಹಾಗೇ ಬಿಟ್ಟು ಬಂದೆ.